47.6 ಕೆಜಿಯ ಚಾಂಪಿಯನ್: ಮಗಳಿಗೊಂದು ಪತ್ರ

ಪ್ರೀತಿಯ ಚಿನ್ನು,

ನೀನು ಕೇಳಿದ ಪ್ರಶ್ನೆ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬಾಕ್ಸಿಂಗಿನಲ್ಲಿ 48 ಕೆಜಿಯಲ್ಲೇ ಇರಲಾ, ಮೇಲಿನ ತೂಕಕ್ಕೆ ಹೋಗಲಾ ಅಂದೆ. ನಮ್ಮ ಬೌಟು ಬೆಳಿಗ್ಗೆನೇ ಮುಗಿದು ಹೋಗುತ್ತೆ, ಆಗ ನೋಡೋಕೆ ಬರೀ ಖಾಲಿ ಕುರ್ಚಿ, ದಪ್ಪ ತೂಕದವರು ಇಳಿಯೋ ಹೊತ್ತಿಗೆ ಜನ ಸೇರ್ತಾರೆ ಅಂತ ಬೇಜಾರು ಮಾಡಿಕೊಂಡೆ. ಯಾವ ತೂಕದಲ್ಲಿ ಆಡಬೇಕು ಅಂತ ನಿನ್ನ ಕೋಚ್ ಸರ್ ಹೇಳಲಿ, ಅದು ಅವರ ಕೆಲಸ. ಆದರೆ ಆ ಖಾಲಿ ಕುರ್ಚಿಗಳ ವಿಷಯಕ್ಕೆ ನನ್ನ ಹತ್ತಿರ ಒಬ್ಬ ಮನುಷ್ಯನ ಕಥೆ ಇದೆ.

ನೀನು ಗ್ಲೌಸ್ ಹಾಕಿಕೊಂಡ ಮೇಲೆ ನನಗೂ ಈ ಹುಚ್ಚು ಹತ್ತಿದೆ, ನಿನಗೆ ಗೊತ್ತಲ್ವಾ. ಹೊಲಿಗೆ ಮುಗಿಸಿ, ಮಷೀನಿಗೆ ಬಟ್ಟೆ ಮುಚ್ಚಿ, ಮೊಬೈಲಿನಲ್ಲಿ ಹಳೇ ಪಂದ್ಯ ನೋಡ್ತಾ ಕೂರುತ್ತೇನೆ. ಧಾರಾವಾಹಿ ಬಿಟ್ಟು ಇದೇನೇ ನಿನ್ನ ಗುದ್ದಾಟ ಅಂತ ನಿಮ್ಮಪ್ಪ ನಗುತ್ತಾರೆ. ಮೊದಮೊದಲು ಎಲ್ಲರಂತೆ ನಾನೂ ದೊಡ್ಡ ದೊಡ್ಡ ಆಳುಗಳದ್ದೇ ನೋಡಿದೆ. ಒಂದೇಟಿಗೆ ಮುಗಿಯುತ್ತೆ, ಇಲ್ಲಾಂದ್ರೆ ಇಬ್ಬರೂ ತಬ್ಬಿಕೊಂಡು ಏದುಸಿರು ಬಿಡ್ತಾರೆ. ಆಮೇಲೆ ಮೆಕ್ಸಿಕೋದ ಸಣ್ಣ ತೂಕದವರ ಪಂದ್ಯಗಳು ಸಿಕ್ಕವು. ಅವುಗಳಲ್ಲಿ ರಿಕಾರ್ಡೋ ಲೋಪೆಜ್ ಸಿಕ್ಕ.

ಅವನು ಹುಟ್ಟಿದ್ದು 1966ರಲ್ಲಿ. ಅಡ್ಡಹೆಸರು ಫಿನಿಟೋ. ದುಡ್ಡಿಗೆ ಆಡೋ ಬಾಕ್ಸಿಂಗಿಗೆ ಇಳಿದಿದ್ದು 1985ರಲ್ಲಿ, ಕೊನೆಯ ಪಂದ್ಯ 2001ರಲ್ಲಿ. 51 ಗೆಲುವು, ಅದರಲ್ಲಿ 38 ನಾಕೌಟ್. ಒಂದು ಡ್ರಾ. ಸೋಲು ಒಂದೂ ಇಲ್ಲ. ಇನ್ನೊಂದು ಸಲ ಓದು, ಒಂದೂ ಇಲ್ಲ. ಹೀಗೆ ಸೋಲದೆ ಆಟ ಬಿಟ್ಟ ವಿಶ್ವ ಚಾಂಪಿಯನ್‌ಗಳು ಬಾಕ್ಸಿಂಗಿನಲ್ಲಿ ಬಹಳ ಕಡಿಮೆ. ಆದರೂ ನಿನ್ನ ಹಾಸ್ಟೆಲಿನಲ್ಲಿ ಕೇಳಿ ನೋಡು, ಟೈಸನ್ ಹೆಸರು ಎಲ್ಲರಿಗೂ ಗೊತ್ತಿರುತ್ತೆ, ಲೋಪೆಜ್ ಅಂದರೆ ಯಾರು ಅಂತಾರೆ.

ಕಾರಣ ಅವನ ತೂಕ. 105 ಪೌಂಡ್, ಅಂದರೆ 47.6 ಕೆಜಿ. ಒಂದು ಅಕ್ಕಿ ಮೂಟೆಗಿಂತ ಹಗುರ. 1975ರವರೆಗೆ ವಿಶ್ವ ಪಟ್ಟಕ್ಕೆ ಅತಿ ಕಡಿಮೆ ತೂಕ ಅಂದರೆ 50.8 ಕೆಜಿಯ ಫ್ಲೈವೇಟ್. ಅದಕ್ಕಿಂತ ಸಣ್ಣ ಆಳು ತನಗಿಂತ ಮೂರ್ನಾಲ್ಕು ಕೆಜಿ ಹೆಚ್ಚಿನವನ ಜೊತೆಗೇ ಗುದ್ದಾಡಬೇಕಿತ್ತು. ಆಮೇಲೆ 49 ಕೆಜಿಯ ವರ್ಗ ಬಂತು. ಲೋಪೆಜ್‌ನ 47.6 ಬಂದಿದ್ದು 1987ರಲ್ಲಿ, ಅವನು ಆಡಲು ಶುರು ಮಾಡಿ ಎರಡು ವರ್ಷ ಆದ ಮೇಲೆ. ಇದೂ ಒಂದು ವರ್ಗವಾ ಅಂತ ಆಡಿಕೊಂಡವರು ಬೇಕಾದಷ್ಟು ಜನ. ಮೂರು ಕೆಜಿ ಅಂದರೆ ಏನು ಅಂತ ನಿನಗೆ ಗೊತ್ತು. ಬಯ್ಯುವವರಿಗೆ ಅದು ಗೊತ್ತಿರಲ್ಲ.

ಅವನಿಗೆ ಪಟ್ಟ ಸಿಕ್ಕಿದ್ದು ಪರಊರಿನಲ್ಲಿ. 1990ರ ಅಕ್ಟೋಬರ್ 25, ಟೋಕಿಯೋದ ಕೊರಾಕುಎನ್ ಹಾಲ್. ಎದುರಿಗೆ ಜಪಾನಿನವರದೇ ಚಾಂಪಿಯನ್ ಹಿದೆಯುಕಿ ಒಹಾಶಿ. ಊರು ಅವನದು, ಜನ ಅವನವರು. ಐದನೇ ಸುತ್ತಿಗೆ ಲೋಪೆಜ್ ಮುಗಿಸಿಬಿಟ್ಟ. ಈ ಒಹಾಶಿ ಯಾರು ಗೊತ್ತಾ? ಮುಂದೆ ತನ್ನದೇ ಜಿಮ್ ಕಟ್ಟಿದವನು. ನೀನು ಫೋನಿನಲ್ಲಿ ಫೋಟೋ ಇಟ್ಟುಕೊಂಡಿದ್ದೀಯಲ್ಲ, ಜಪಾನಿನ ಚಾಂಪಿಯನ್ ನವೋಯಾ ಇನೋವೆ, ಅವನು ದುಡ್ಡಿನ ಬಾಕ್ಸಿಂಗಿಗೆ ಇಳಿದದ್ದು ಆ ಜಿಮ್ಮಿನಿಂದಲೇ. ಸೋತ ಮನುಷ್ಯ ಸುಮ್ನೆ ಮನೆಗೆ ಹೋಗಲಿಲ್ಲ ನೋಡು. ನನಗೆ ಈ ಸಂಗತಿ ಲೋಪೆಜ್‌ನ ಬೆಲ್ಟಿಗಿಂತ ಜಾಸ್ತಿ ಇಷ್ಟ.

ಈಗ ಅವನು ಹೇಗೆ ಆಡುತ್ತಿದ್ದ ಅನ್ನೋದಕ್ಕೆ ಬರುತ್ತೇನೆ. ಅವನಿಗೆ ಹೇಳಿಕೊಟ್ಟವರು ಮೊದಲು ಕುಯೋ ಹರ್ನಾಂಡೆಜ್ ಅನ್ನೋ ಹಿರಿಯರು, ಆಮೇಲೆ ನಾಚೊ ಬೆರಿಸ್ಟೈನ್. ಮೆಕ್ಸಿಕೋದ ಚಾಂಪಿಯನ್‌ಗಳಾದ ಮಾರ್ಕೆಜ್ ಅಣ್ಣತಮ್ಮಂದಿರನ್ನೂ ತಯಾರು ಮಾಡಿದ್ದು ಇದೇ ಬೆರಿಸ್ಟೈನ್. ಅವರ ಜಿಮ್ಮಿನ ಹೆಸರು ರೊಮಾಂಜಾ. ತಮ್ಮ ಇಬ್ಬರು ಶಿಷ್ಯರಾದ ರೊಮಾನ್, ಜರಾಗೋಜಾ ಅವರ ಹೆಸರು ಕೂಡಿಸಿ ಇಟ್ಟಿದ್ದು. ಮೇಷ್ಟ್ರೇ ಶಿಷ್ಯರ ಹೆಸರನ್ನು ಬಾಗಿಲ ಮೇಲೆ ಬರೆಸೋದು ನಮ್ಮ ಕಡೆ ಎಲ್ಲಿದೆ ಹೇಳು!

ಲೋಪೆಜ್ ರಿಂಗಿನಲ್ಲಿ ನಿಂತರೆ ಬೆನ್ನು ನೆಟ್ಟಗೆ. ಎರಡೂ ಕೈ ಕೆನ್ನೆಯ ಹತ್ತಿರ, ಮೊಣಕೈ ಪಕ್ಕೆಲುಬಿಗೆ. ಎಡಗೈಯಿಂದ ಜ್ಯಾಬ್, ಅಂದರೆ ನೇರಕ್ಕೆ ಚುಚ್ಚೋ ಏಟು, ಹೋಗುತ್ತೆ. ಆ ಕೈ ಹೋದದ್ದನ್ನು ಎಲ್ಲರೂ ನೋಡ್ತಾರೆ, ವಾಪಸ್ ಬರೋದನ್ನು ನೀನು ನೋಡು. ಹೋದ ದಾರಿಯಲ್ಲೇ ಸೀದಾ ಕೆನ್ನೆಗೆ ಬರುತ್ತೆ. ಸೊಂಟದ ಹತ್ತಿರ ಇಳಿಯಲ್ಲ, ಪಕ್ಕಕ್ಕೆ ತಿರುಗಲ್ಲ. ಕಾಲುಗಳು ಸಣ್ಣ ಸಣ್ಣ ಹೆಜ್ಜೆ ಇಡುತ್ತವೆ, ಒಂದರ ಮೇಲೊಂದು ಅಡ್ಡ ಬೀಳಲ್ಲ. ಎದುರಾಳಿ ಹಿಂದೆ ಸರಿದರೆ ಇವನು ಓಡಿ ಹೋಗಿ ಬೀಸಲ್ಲ, ಅರ್ಧ ಹೆಜ್ಜೆ ಮುಂದೆ ಬಂದು ಮತ್ತೆ ಅದೇ ನಿಲುವಿಗೆ ನಿಲ್ಲುತ್ತಾನೆ. ಆಮೇಲೆ ಯಾವಾಗಲೋ ಪಕ್ಕದಿಂದ ಬೀಸಿ ಹೊಟ್ಟೆಗೊಂದು ಹುಕ್, ಅದರ ಬೆನ್ನಿಗೇ ಕೆಳಗಿನಿಂದ ಮೇಲಕ್ಕೆ ಗದ್ದಕ್ಕೆ ಅಪ್ಪರ್‌ಕಟ್. ಹೊಟ್ಟೆ ಕಾಯೋಕೆ ಎದುರಾಳಿಯ ಕೈ ಕೆಳಗೆ ಬಂತಲ್ಲ, ಆ ಸಂದಿಗೆ ಅಂತಲೇ ಇಟ್ಟುಕೊಂಡ ಏಟು ಅದು. ಎಂಟನೇ ಸುತ್ತಿನಲ್ಲೂ ಮೊದಲನೇ ಸುತ್ತಿನ ಹಾಗೇ ನಿಂತಿರುತ್ತಾನೆ. ಕೈ ಸುಸ್ತಾದಾಗ ನಿನ್ನ ಬಲಗೈ ಎಲ್ಲಿಗೆ ಇಳಿಯುತ್ತೆ ಅಂತ ವಿಡಿಯೋ ಕಳಿಸಿದ್ದೀಯಲ್ಲ, ಅದನ್ನು ಇದರ ಪಕ್ಕ ಇಟ್ಟು ನೋಡು. ನಾನು ಬೇರೇನೂ ಹೇಳಲ್ಲ.

ಇಂಥವನು ಎಂಟು ವರ್ಷ ಅದೇ ತೂಕದಲ್ಲಿ ಪಟ್ಟ ಉಳಿಸಿಕೊಂಡ. ಇಪ್ಪತ್ತಕ್ಕೂ ಹೆಚ್ಚು ಸಲ ಪಟ್ಟ ಪಣಕ್ಕಿಟ್ಟು ಆಡಿದ. ಟೋಕಿಯೋಗೆ ಮತ್ತೆ ಹೋದ, ಕೊರಿಯಾಗೆ ಹೋದ. ಆದರೆ ಪೋಸ್ಟರಿನಲ್ಲಿ ಮೇಲಿನ ಹೆಸರು ಅವನದಲ್ಲ. ಆ ಕಾಲದ ಮೆಕ್ಸಿಕೋಗೆ ದೇವರು ಅಂದರೆ ಹೂಲಿಯೋ ಸೀಸರ್ ಚಾವೇಸ್. 1993ರಲ್ಲಿ ಚಾವೇಸ್ ಪಂದ್ಯಕ್ಕೆ ಅಜ್ಟೆಕಾ ಸ್ಟೇಡಿಯಮ್ಮಿನಲ್ಲಿ ಸೇರಿದ್ದು 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ. ಲೋಪೆಜ್ ಎಷ್ಟೋ ಸಲ ಇಂಥ ದೊಡ್ಡವರ ಪಂದ್ಯಕ್ಕೆ ಮುಂಚೆ ಆಡಿ ಇಳಿದವನು. ಜನ ಇನ್ನೂ ಒಳಗೆ ಬರ್ತಾ ಇರ್ತಾರೆ, ಸೀಟು ಹುಡುಕ್ತಾ ಇರ್ತಾರೆ, ಇವನು ತನ್ನ ಪಾಡಿಗೆ ತಾನು ಜ್ಯಾಬ್ ಹಾಕ್ತಾ ಇರ್ತಾನೆ. ನಿನ್ನ ಬೆಳಗಿನ ಬೌಟಿನ ಥರಾನೇ ಅಲ್ವಾ?

ಇದರಿಂದ ಅವನಿಗೆ ನಷ್ಟ ಆಗಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆಯಿತು. ಒಂದೂವರೆ ಕೆಜಿ ಮೇಲೆ, 49ರಲ್ಲಿ, ಅಮೆರಿಕದ ಮೈಕೆಲ್ ಕಾರ್ಬಹಾಲ್ ಇದ್ದ, ಮೆಕ್ಸಿಕೋದವನೇ ಆದ ಚಿಕಿಟಾ ಗೊನ್ಜಾಲೆಜ್ ಇದ್ದ. ಅವರಿಬ್ಬರ ಜಗಳದಿಂದಲೇ ಆ ತೂಕಕ್ಕೆ ಮೊದಲ ಸಲ ಹತ್ತು ಲಕ್ಷ ಡಾಲರ್ ಸಂಭಾವನೆ ಬಂದದ್ದು. ಲೋಪೆಜ್ ಇಬ್ಬರ ಜೊತೆಗೂ ಆಡಲೇ ಇಲ್ಲ. ಅವನು ಬೇಗ ಮೇಲೆ ಹೋಗಬೇಕಿತ್ತು, ಕೆಳಗೇ ಕೂತ ಅಂತ ಈಗಲೂ ಕೆಲವರು ಗೊಣಗುತ್ತಾರೆ. ಅದರಲ್ಲಿ ಅರ್ಧ ನಿಜ ಇದೆ ಅಂತ ನನಗೂ ಅನಿಸುತ್ತೆ. ಆದರೆ ಇದನ್ನೂ ಕೇಳು. 1993ರಲ್ಲಿ ಥಾಯ್ಲೆಂಡಿನ ಸಮನ್ ಸೊರ್ಜತುರಾಂಗ್ ಅನ್ನೋ ಹುಡುಗನನ್ನು ಲೋಪೆಜ್ ಎರಡೇ ಸುತ್ತಿನಲ್ಲಿ ಮುಗಿಸಿದ. ಎರಡು ವರ್ಷ ಆದ ಮೇಲೆ ಅದೇ ಸಮನ್ ಮೇಲಿನ ತೂಕಕ್ಕೆ ಹೋಗಿ ಚಿಕಿಟಾ ಗೊನ್ಜಾಲೆಜ್‌ನನ್ನೇ ಕೆಡವಿ ಪಟ್ಟ ಕಿತ್ತುಕೊಂಡ. ಇದರಿಂದ ಲೋಪೆಜ್ ಚಿಕಿಟಾನನ್ನು ಸೋಲಿಸುತ್ತಿದ್ದ ಅಂತ ಆಗಲ್ಲ, ಬಾಕ್ಸಿಂಗಿನಲ್ಲಿ ಲೆಕ್ಕ ಹಾಗೆ ನಡೆಯಲ್ಲ. ಕೆಳಗಿನ ತೂಕದಲ್ಲಿ ಅವನ ಎದುರಿಗೆ ಬಂದವರು ಬರೀ ಗೊಂಬೆಗಳಲ್ಲ ಅಂತ ಮಾತ್ರ ಹೇಳಬಹುದು.

ಇನ್ನು ಆ ಡ್ರಾ. ನಾನು ಪದೇ ಪದೇ ನೋಡೋದು ಅದನ್ನೇ. 1998ರ ಮಾರ್ಚ್ 7, ಮೆಕ್ಸಿಕೋ ಸಿಟಿಯ ಗೂಳಿ ಕಾಳಗದ ಕಣ, ಪ್ಲಾಜಾ ಮೆಕ್ಸಿಕೋ. ಅವತ್ತೂ ರಾತ್ರಿಯ ದೊಡ್ಡ ಪಂದ್ಯ ಚಾವೇಸ್‌ನದೇ. ಲೋಪೆಜ್ ಎದುರಿಗೆ ನಿಕರಾಗುವಾದ ರೊಸೆಂಡೊ ಅಲ್ವಾರೆಜ್. ಅವನೂ ಅಲ್ಲಿಯವರೆಗೆ ಸೋಲು ಕಾಣದವನು, ವಿಶ್ವ ಪಟ್ಟ ಕೊಡೋ ಇನ್ನೊಂದು ಸಂಸ್ಥೆಯ ಚಾಂಪಿಯನ್. ಎರಡನೇ ಸುತ್ತಿನಲ್ಲಿ ಅಲ್ವಾರೆಜ್‌ನ ಬಲಗೈ ಸರಿಯಾಗಿ ಬಿತ್ತು. ಲೋಪೆಜ್ ನೆಲಕ್ಕೆ. 13 ವರ್ಷ ಆಡಿದ ಮೇಲೆ ಮೊದಲ ಸಲ, ಅದೂ ತನ್ನ ಜನರ ಮುಂದೆ.

ಎದ್ದ. ಎದ್ದ ಮೇಲೆ ಏನು ಮಾಡಿದ ಅನ್ನೋದಕ್ಕೇ ನಾನು ಇಷ್ಟುದ್ದ ಬರೆದದ್ದು. ಬಿದ್ದ ಅವಮಾನ ತೀರಿಸಿಕೊಳ್ಳಬೇಕು ಅಂತ ಕೈ ಬೀಸಿಕೊಂಡು ನುಗ್ಗಲಿಲ್ಲ. ಮತ್ತೆ ಜ್ಯಾಬ್‌ಗೆ ಹೋದ. ಸುತ್ತು ಸುತ್ತಾಗಿ ಪಂದ್ಯವನ್ನು ವಾಪಸ್ ಎಳೆದುಕೊಂಡ. ಅಷ್ಟರಲ್ಲಿ ತಲೆಗೆ ತಲೆ ಡಿಕ್ಕಿಯಾಗಿ ಲೋಪೆಜ್‌ನ ಕಣ್ಣಿನ ಹತ್ತಿರ ಸೀಳಿತು. ಏಳನೇ ಸುತ್ತಿಗೆ ಪಂದ್ಯ ನಿಲ್ಲಿಸಿದರು. ಬೇಕಂತ ಮಾಡಿದ ಡಿಕ್ಕಿಯಲ್ಲ ಅಂದಾಗ ಅಲ್ಲಿಯವರೆಗಿನ ಅಂಕ ಕೂಡಿಸಿ ನೋಡ್ತಾರೆ. ಕೂಡಿಸಿದರೆ ಸಮ ಸಮ. ತಮಾಷೆ ಅಂದರೆ ಅವತ್ತು ಚಾವೇಸ್‌ನ ಪಂದ್ಯವೂ ಡ್ರಾ ಆಯಿತು. ಅಷ್ಟು ಜನ ಬಂದು ಎರಡು ಡ್ರಾ ನೋಡಿಕೊಂಡು ಮನೆಗೆ ಹೋದರು, ಪಾಪ.

ನವೆಂಬರ್ 13ಕ್ಕೆ ಲಾಸ್ ವೇಗಸ್ಸಿನಲ್ಲಿ ಇಬ್ಬರೂ ಮತ್ತೆ ಎದುರಾದರು. ಅಲ್ವಾರೆಜ್ ತೂಕ ತಪ್ಪಿದ. ಲೋಪೆಜ್ ತಕ್ಕಡಿಯ ಮೇಲೆ ಸರಿಯಾಗಿ ನಿಂತ. ಅಂದರೆ ತನಗಿಂತ ಭಾರದವನ ಜೊತೆ ಆಡಬೇಕಾಯಿತು. ಆಡಲ್ಲ ಅಂತ ವಾಪಸ್ ಹೋಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಆಡಿದ. 12 ಸುತ್ತು. ಇಬ್ಬರು ತೀರ್ಪುಗಾರರು ಇವನ ಕಡೆ, ಒಬ್ಬರು ಅವನ ಕಡೆ. ಗೆದ್ದ, ಆದರೆ ಸುಲಭವಾಗಿ ಅಲ್ಲ. ಲೋಪೆಜ್ ಆಡಿದ ಪಂದ್ಯಗಳಲ್ಲಿ ನನಗೆ ಇದೇ ದೊಡ್ಡದು. ಎರಡು ಸುತ್ತಿನಲ್ಲಿ ಮುಗಿಸಿದವುಗಳನ್ನು ನೋಡಿ ನೀನು ಕಲಿಯೋದು ಏನಿದೆ?

ಅದಾದ ಮೇಲೆ, 1999ರಲ್ಲಿ, ಕೊನೆಗೂ 49 ಕೆಜಿಗೆ ಹೋದ. ಮೊದಲ ಪಂದ್ಯದಲ್ಲೇ ವಿಲ್ ಗ್ರಿಗ್ಸ್‌ಬಿಯನ್ನು ಸೋಲಿಸಿ ಅಲ್ಲೂ ಚಾಂಪಿಯನ್. ವಯಸ್ಸು 33. ಕೊನೆಯ ಪಂದ್ಯ 2001ರ ಸೆಪ್ಟೆಂಬರ್ 29, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅದು ಎರಡು ವಾರ ಮುಂಚೆ ನಡೆಯಬೇಕಿತ್ತು, 9/11 ದಾಳಿಯಿಂದ ಮುಂದಕ್ಕೆ ಹೋಯಿತು. ದಕ್ಷಿಣ ಆಫ್ರಿಕಾದ ಜೊಲಾನಿ ಪೆಟೆಲೊನನ್ನು ಎಂಟನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಅವತ್ತೂ ಜನ ಬಂದಿದ್ದು ಹಾಪ್ಕಿನ್ಸ್ ಮತ್ತು ಟ್ರಿನಿಡಾಡ್ ಅನ್ನೋ ದೊಡ್ಡ ತೂಕದವರ ಪಂದ್ಯಕ್ಕೆ. ಮುಂದಿನ ವರ್ಷ ನಿವೃತ್ತಿ ಅಂದ. ಅಂದವನು ವಾಪಸ್ ಬರಲಿಲ್ಲ. ದುಡ್ಡಿಗೋ ಚಪ್ಪಾಳೆಗೋ ನಲವತ್ತು ದಾಟಿದ ಮೇಲೂ ರಿಂಗಿಗೆ ಹತ್ತಿ ಏಟು ತಿಂದವರನ್ನು ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ. ಇವನು ಆ ಸಂಕಟ ಕೊಡಲಿಲ್ಲ. 2010ರಲ್ಲಿ ಬಾಕ್ಸಿಂಗ್ ದಿಗ್ಗಜರ ಗೌರವ ಪಟ್ಟಿಗೆ, ಹಾಲ್ ಆಫ್ ಫೇಮ್‌ಗೆ, ಸೇರಿಸಿಕೊಂಡರು.

ಈಗ ನಿನ್ನ ವಿಷಯ. ನಿನಗಿರೋ ಲೆಕ್ಕ ಅವನಿಗಿರಲಿಲ್ಲ. ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸಿಗೆ ಬಂದಾಗ, ಲಂಡನ್ನಿನಲ್ಲಿ, 48 ಕೆಜಿ ಇರಲೇ ಇಲ್ಲ. ಕೆಳಗಿನದೇ 51. ಮೇರಿ ಕೋಮ್ ಮೈ ತೂಕ ಏರಿಸಿಕೊಂಡು ಹೋಗಿ, ತಮಗಿಂತ ಎತ್ತರದ ಹುಡುಗಿಯರ ಜೊತೆ ಆಡಿ ಕಂಚು ತಂದರು. ಆಮೇಲೆ 2018ರಲ್ಲಿ ದೆಹಲಿಯಲ್ಲಿ ಅದೇ 48ಕ್ಕೆ ವಾಪಸ್ ಬಂದು ಆರನೇ ವಿಶ್ವ ಪಟ್ಟ ಗೆದ್ದರು. ಪ್ಯಾರಿಸ್ಸಿನಲ್ಲೂ ಕೆಳಗಿನದು 50. ಹಾಗಾಗಿ ಒಲಿಂಪಿಕ್ಸಿನ ಆಸೆಗೆ ಮೇಲೆ ಹೋಗ್ತೀನಿ ಅಂದರೆ ನನಗೆ ಅರ್ಥ ಆಗುತ್ತೆ, ಅದಕ್ಕೊಂದು ಕಾರಣ ಇದೆ. ನಿಧಾನಕ್ಕೆ ಹೋಗು, ಮೈ ಗಟ್ಟಿ ಮಾಡಿಕೊಂಡು ಹೋಗು. ಖಾಲಿ ಕುರ್ಚಿ ನೋಡಿ ಬೇಜಾರಾಗಿ ಹೋಗ್ತೀನಿ ಅಂದರೆ ನಾನು ಬೇಡ ಅಂತೀನಿ. ಮೇಲಿನ ತೂಕದಲ್ಲೂ ಸೋತವರನ್ನು ಯಾರೂ ನೋಡಲ್ಲ ಚಿನ್ನು.

ಇನ್ನೊಂದು. ಹೋದ ಟೂರ್ನಮೆಂಟಿಗೆ ಮುಂಚೆ ಎರಡು ದಿನ ನೀರು ಕೂಡ ಸರಿಯಾಗಿ ಕುಡಿಯಲಿಲ್ಲ ಅಂತ ನಿನ್ನ ರೂಂಮೇಟ್ ಹೇಳಿದಳು. ಅವಳನ್ನು ಬಯ್ಯಬೇಡ, ನಾನೇ ಕೆದಕಿ ಕೇಳಿದ್ದು. ತೂಕ ಇಳಿಸೋದು ಕೊನೇ ದಿನದ ಕೆಲಸವಲ್ಲ ಅಂತ ನಿಮ್ಮ ಸರ್ರೇ ಹೇಳ್ತಾರೆ. ಇನ್ನೊಂದು ಸಲ ಹಾಗೆ ಮಾಡಿದರೆ ನಾನು ಬಸ್ ಹತ್ತಿ ಅಲ್ಲಿಗೇ ಬರುತ್ತೇನೆ, ಎಲ್ಲರ ಮುಂದೆ ಬಯ್ಯುತ್ತೇನೆ, ಆಮೇಲೆ ಮಾನ ಹೋಯ್ತು ಅಂತ ಅಳಬೇಡ.

ಅಲ್ವಾರೆಜ್ ಜೊತೆಗಿನ ಎರಡು ಪಂದ್ಯವನ್ನೂ ನಿನ್ನ ಫೋನಿಗೆ ಕಳಿಸಿದ್ದೇನೆ. ಮೊದಲು ಎರಡನೆಯದನ್ನು ನೋಡು. ನಿಮ್ಮ ಸರ್‌ಗೂ ತೋರಿಸಿ ಒಂದು ಮಾತು ಕೇಳು: ಆ ಮೂರನೇ ತೀರ್ಪುಗಾರ ಅಲ್ವಾರೆಜ್‌ಗೆ ಕೊಟ್ಟಿದ್ದು ಸರಿಯಾ? ನನಗೆ ತಪ್ಪು ಅನಿಸುತ್ತೆ. ನಿಮ್ಮಪ್ಪ ಸರಿ ಅಂತಾರೆ. ಇಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ.

ನಿನ್ನ
ಅಮ್ಮ