ಜೋ ಅನ್ನೋಕೆ ಭಯ ಯಾಕೆ ಮಗಳೇ

ಸೋಮವಾರಪೇಟೆ
ಆಷಾಢ, ರಾತ್ರಿ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಇಳಿದುಹೋಗಿತ್ತು. ವಾಟ್ಸಾಪಿನಲ್ಲಿ ಬಂದದ್ದನ್ನು ಓದಿ ಎರಡು ದಿನದಿಂದ ಪಾಪುಗೆ ಹಾಡಿಲ್ಲ ಅಂದೆ. ಜೋಗುಳಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ಲಲಬೈ' ಅಂದರೆ 'ಲಿಲಿತ್, ತೊಲಗು' ಅಂತ ಅರ್ಥವಂತೆ, ಲಿಲಿತ್ ಅಂದರೆ ಮಕ್ಕಳನ್ನು ಒಯ್ಯುವ ಪಿಶಾಚಿಯಂತೆ. ಬಾಣಂತಿಗೆ ಇಂಥದ್ದನ್ನೆಲ್ಲ ಕಳಿಸಬಾರದು. ಮಳೆಗೆ ಸಿಗ್ನಲ್ ನಿಲ್ಲಲಿಲ್ಲ, ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಲಿಲಿತ್ ಕಥೆ ಇರೋದು ನಿಜ. ಯೆಹೂದಿಗಳಲ್ಲಿ ಹಿಂದೆ ತಾಯಿ ಮಗುವಿನ ರಕ್ಷಣೆಗೆ ಅವಳ ವಿರುದ್ಧ ತಾಯಿತ ಇಡುತ್ತಿದ್ದರು. ನಾವು ಕೆನ್ನೆಗೆ ದೃಷ್ಟಿಬೊಟ್ಟು ಇಡೋದಿಲ್ವಾ, ಹಾಗೆ. ಆದರೆ 'ಲಲಬೈ' ಪದ ಹುಟ್ಟಿದ್ದು ಅವಳಿಂದಲ್ಲ. 14ನೇ ಶತಮಾನದ ಇಂಗ್ಲಿಷ್ ಹಾಡುಗಳಲ್ಲೇ 'ಲಲ್ಲೇ ಲಲ್ಲೇ' ಅಂತ ತೂಗುವ ಪಲ್ಲವಿ ಇದೆ. 'ಬೈ' ಅನ್ನುವ ಬಾಲ ಸೇರಿದ ರೂಪ ಕಾಣೋದು 16ನೇ ಶತಮಾನದಲ್ಲಿ. 'ತೊಲಗು' ಅನ್ನೋದು ಆ ಬಾಲದಲ್ಲಿದ್ದರೆ, ಅಷ್ಟು ಕಾಲ ತಾಯಂದಿರು ಬರೀ ಪಿಶಾಚಿಯ ಹೆಸರು ಕರೆದು ಮಕ್ಕಳನ್ನು ಮಲಗಿಸಿದರೇನು? ಯೋಚನೆ ಮಾಡು. 'ಲು ಲು' ಅಂತ ಬಾಯಿಗೆ ಬಂದ ಸದ್ದೇ ಅಲ್ಲಿ ಮಾತಾಯಿತು.

ನಮ್ಮಲ್ಲೂ ಹಾಗೇ ಅಲ್ವಾ? ಜೋಗುಳದ ಒಳಗೆ 'ಜೋ' ಕೂತಿದೆ, ಕಿವಿಗೇ ಕೇಳುತ್ತದೆ. ತೆಲುಗಿನವರಿಗೆ ಅದು ಜೋಲ. ಲಾಲಿ ಅಂದಾಗ ಲಾಲನೆ ಪಾಲನೆ ನೆನಪಾಗುತ್ತದೆ. ಸಂಸ್ಕೃತದಲ್ಲಿ ಲಾಲನೆ ಅಂದರೆ ಮುದ್ದು ಮಾಡುವುದು. ನನಗೆ ಎಲ್ಲಕ್ಕಿಂತ ಇಷ್ಟ ತಮಿಳಿನ ತಾಲಾಟ್ಟು. ತಾಲ್ ಅಂದರೆ ನಾಲಿಗೆ, ಆಟ್ಟು ಅಂದರೆ ಆಡಿಸು. ನಾಲಿಗೆ ಆಡಿಸೋದೇ ಹಾಡು!

ನಾನು ಚಿಕ್ಕವಳಿದ್ದಾಗ ನಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲಿ ಒಬ್ಬ ತಮಿಳು ತಾಯಿ ಇದ್ದಳು. ಕಾಫಿ ಕುಯ್ದು ಬಂದು, ಕೈಗೆ ಅಂಟಿದ ಹಣ್ಣಿನ ರಸ ತೊಳೆದುಕೊಂಡು, ಜಂತಿಗೆ ಕಟ್ಟಿದ ಸೀರೆ ಜೋಲಿಯ ಹತ್ತಿರ ಕೂರುತ್ತಿದ್ದಳು. ಹಾಡು ಅಂದರೆ ಬರೀ 'ಆರಾರೋ'. ಪಕ್ಕದ ಗೋಡೆಯಾಚೆ ಮಲಯಾಳದವಳದು 'ವಾವಾವೋ'. ಇತ್ತ ನಮ್ಮಮ್ಮನ 'ಜೋ ಜೋ'. ಮೂರೂ ಕೊನೆಗೆ ಉದ್ದಕ್ಕೆ 'ಓ' ಅಂತ ಎಳೆಯುತ್ತಿದ್ದವು. ನೀನೇ ಒಮ್ಮೆ ಅಂದು ನೋಡು. ತುಟಿ ದುಂಡಗಾಗುತ್ತದೆ, ಉಸಿರು ನಿಧಾನಕ್ಕೆ ಹೊರಗೆ ಹೋಗುತ್ತದೆ, ಭುಜ ಸಡಿಲ ಆಗುತ್ತದೆ. ಎದೆಗೆ ಒರಗಿದ ಮಗುವಿಗೆ ಅದೆಲ್ಲ ಗೊತ್ತಾಗುತ್ತದೆ.

ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಪದಗಳ ಬೇರು ಹುಡುಕೋದು ನನಗೆ ಪ್ರಾಣ. ಆದರೆ ಎರಡು ಪದ ಕಿವಿಗೆ ಒಂದೇ ಥರ ಬಿದ್ದ ಮಾತ್ರಕ್ಕೆ ನೆಂಟಸ್ತನ ಕಟ್ಟಬಾರದು ಮಗಳೇ. ಹಳೆಯ ರೂಪ ಯಾವುದು, ಯಾವಾಗಿನದು ಅಂತ ಮೊದಲು ಕೇಳು. ಹೆದರಿಸುವ ಕಥೆ ಬಂದರಂತೂ ಎರಡು ಸಲ ಕೇಳು.

ಇವತ್ತು ರಾತ್ರಿಯೇ ಹಾಡು. ಫೋನಿನ ಹಾಡು ಹಾಕಿ ಪಕ್ಕದಲ್ಲಿಡಬೇಡ. ರಾಗ ಬರಲ್ಲ ಅಂತ ಸಂಕೋಚವೂ ಬೇಡ, ನಿನ್ನ ದನಿಯನ್ನು ಅವಳು ಹೊಟ್ಟೆಯಲ್ಲಿದ್ದಾಗಿಂದ ಕೇಳಿದ್ದಾಳೆ. ಅಳಿಯಂದಿರೂ ಹಾಡಲಿ, ಗಂಡಸಿನ ಎದೆಯ ಗುಂಯ್ ಅನ್ನೋ ದನಿಗೆ ಮಕ್ಕಳು ಬೇಗ ಮಲಗುತ್ತವೆ, ನಾನು ಕಂಡಿದ್ದೇನೆ.

ನಾಳೆ ಮಡಿಕೇರಿ ಬಸ್ಸಿಗೆ ನಮ್ಮಮ್ಮನ ಹಳೇ ಹತ್ತಿ ಸೀರೆ ಕೊಟ್ಟು ಕಳಿಸುತ್ತೇನೆ. ಒಗೆದು, ಮಳೆ ಅಂತ ಒಲೆ ಹತ್ತಿರ ಒಣಗಿಸಿದ್ದೇನೆ, ಸ್ವಲ್ಪ ಹೊಗೆ ವಾಸನೆ ಹಿಡಿದಿದೆ. ಜೋಲಿ ಕಟ್ಟುವಾಗ ಬಟ್ಟೆ ಮುಚ್ಚಿಕೊಳ್ಳದ ಹಾಗೆ ಮೇಲೆ ಅಡ್ಡಕ್ಕೆ ಕೋಲು ಸಿಕ್ಕಿಸು. ಪಾಪುನ ಮಲಗಿಸುವ ಮುಂಚೆ ಗಂಟನ್ನು ನೀನೇ ಜಗ್ಗಿ ನೋಡು, ಮಲಗಿದ ಮೇಲೆ ಪಕ್ಕದಲ್ಲೇ ಇರು.

ಇಂತಿ ನಿನ್ನ
ದೊಡ್ಡಮ್ಮ