ಅರೇ ದಾಟಿಸುವುದನ್ನೂ ಲ್ಯಾಬ್‌ನಲ್ಲಿ ಕಲಿಸಿ

ಮಾನ್ಯ ಸಂಪಾದಕರೇ,

ನಮ್ಮ ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ ಭಾಷೆಯ ಪಾಠ ಒಂದು ಸೆಮಿಸ್ಟರ್‌ನಲ್ಲಿ, ಜಾವಾ ಅಥವಾ ಸಿ ಶಾರ್ಪ್ ಇನ್ನೊಂದರಲ್ಲಿ ಮುಗಿಯುತ್ತದೆ. ಎರಡೂ ಸೇರುವ ಜಾಗ, ಅಂದರೆ ಒಂದು ಭಾಷೆಯ ಪ್ರೋಗ್ರಾಂ ಇನ್ನೊಂದಕ್ಕೆ ಅರೇಯನ್ನು (ಒಂದೇ ಬಗೆಯ ಮೌಲ್ಯಗಳ ಸಾಲನ್ನು) ದಾಟಿಸುವ ಕಡೆ ಮಾತ್ರ ಪಾಠದ ಹೊರಗೇ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಮಕ್ಕಳು ಎಡವುವುದು ಅಲ್ಲೇ.

ಕಬ್ಬಿನ ಲಾರಿ ತೂಗುವ ವೇಬ್ರಿಡ್ಜನ್ನೇ ತೆಗೆದುಕೊಳ್ಳಿ. ಲೆಕ್ಕದ ಲೈಬ್ರರಿ (ಸಿದ್ಧ ಕೋಡ್) ಸಿಯಲ್ಲಿದೆ, ಪರದೆ ಮತ್ತು ಬಿಲ್ಲು ಸಿ ಶಾರ್ಪ್‌ನಲ್ಲಿ ಎಂದಿಟ್ಟುಕೊಳ್ಳೋಣ. 10 ಲಾರಿಗಳ ತೂಕವನ್ನು ‘ಲಾಂಗ್’ ಎಂಬ ಪೂರ್ಣಾಂಕ ಬಗೆಯ ಅರೇಯಲ್ಲಿಟ್ಟು ಸಿ ಲೈಬ್ರರಿಗೆ ಕೂಡಿಸಲು ಕೊಡುತ್ತೇವೆ. ಸಿ ಶಾರ್ಪ್‌ನ ಲಾಂಗ್ 8 ಬೈಟ್. ವಿಂಡೋಸ್‌ನಲ್ಲಿ ಸಿ ಲಾಂಗ್ 4 ಬೈಟ್. 18450, 17920 ಎಂದು ಹೋದದ್ದು ಆ ಕಡೆ 18450, 0, 17920, 0 ಎಂದು ಕಾಣುತ್ತದೆ. 10 ಎಣಿಸಿ ನಿಲ್ಲಿಸಿದಾಗ ಲೆಕ್ಕಕ್ಕೆ ಬಂದಿರುವುದು 5 ಲಾರಿ ಮಾತ್ರ. ಎರರ್ ಏನೂ ಬರುವುದಿಲ್ಲ. 64 ಬಿಟ್ ಲಿನಕ್ಸ್‌ನಲ್ಲಿ ಸಿ ಲಾಂಗ್ ಕೂಡ 8 ಬೈಟ್ ಆದ್ದರಿಂದ ಅಲ್ಲಿ ಟೆಸ್ಟ್ ಮಾಡಿದವರಿಗೆ ತಪ್ಪು ಸಿಗುವುದೇ ಇಲ್ಲ. ಸಿ ಕಡೆ 32 ಬಿಟ್ ಎಂದು ಬಿಡಿಸಿ ಬರೆದ ಇಂಟ್ (ಇದೂ ಪೂರ್ಣಾಂಕದ ಬಗೆ), ಸಿ ಶಾರ್ಪ್ ಕಡೆ ಬರೀ ಇಂಟ್ ಇಟ್ಟರೆ ಎರಡೂ ಕಡೆ 4 ಬೈಟ್.

ಟ್ರೂ, ಫಾಲ್ಸ್ ಎರಡನ್ನೇ ಇಡುವ ಬೂಲ್ ಇನ್ನೂ ಕಷ್ಟ. ಸಿ ಶಾರ್ಪ್‌ನ ಬೂಲ್ ಅರೇ ದಾಟುವಾಗ, ನಾವು ಬೇರೆ ಹೇಳದಿದ್ದರೆ, ಒಂದೊಂದಕ್ಕೂ 4 ಬೈಟ್ ಆಗುತ್ತದೆ. ಸಿ ಓದುವುದು 1 ಬೈಟಿನಂತೆ. 8 ಟ್ರೂ ಕಳಿಸಿದರೆ ಮೊದಲನೆಯದು, ಐದನೆಯದು ಮಾತ್ರ ಟ್ರೂ. ಉಳಿದ ಆರು ಫಾಲ್ಸ್. ಬೈಟ್ ಅರೇ ಬಳಸಿದರೆ ಈ ರಗಳೆಯೇ ಇಲ್ಲ.

ಇಂಟ್, ಡಬಲ್ (ದಶಮಾಂಶ ಸಂಖ್ಯೆ), ಬೈಟ್‌ಗಳ ಒಂದು ಸಾಲಿನ ಅರೇಯನ್ನು ರನ್‌ಟೈಮ್ (ಸಿ ಶಾರ್ಪ್ ಪ್ರೋಗ್ರಾಂ ನಡೆಸುವ ವ್ಯವಸ್ಥೆ) ನಕಲು ಮಾಡುವುದಿಲ್ಲ. ಇದ್ದಲ್ಲೇ ಅಲುಗದಂತೆ ಹಿಡಿದು ವಿಳಾಸ ಕೊಡುತ್ತದೆ. ಸಿ ಬರೆದದ್ದು ನೇರ ನಮ್ಮ ಅರೇಗೇ ಬೀಳುತ್ತದೆ. ಇದನ್ನು ನೋಡಿ ಹುಡುಗರು, ಸಿ ಬರೆದದ್ದು ವಾಪಸ್ ಬರಬೇಕೆಂದು ಹೇಳುವ ‘ಔಟ್’ ಗುರುತು ಹಾಕಬೇಕಿಲ್ಲ ಎಂದುಕೊಳ್ಳುತ್ತಾರೆ. ಆದರೆ ಬೂಲ್ ಅರೇ ನಕಲಾಗಿಯೇ ಹೋಗುವುದು. ಗುರುತಿಲ್ಲದಿದ್ದರೆ ಸಿ ಮಾಡಿದ ಬದಲಾವಣೆ ವಾಪಸ್ ಬರುವುದಿಲ್ಲ. ಗುರುತನ್ನು ಎಲ್ಲ ಕಡೆ ಬರೆಯುವ ಅಭ್ಯಾಸವೇ ಒಳ್ಳೆಯದು.

ಆ ಹಿಡಿತವೂ ಕಾಲ್ ಮುಗಿಯುವವರೆಗೆ ಮಾತ್ರ. ಸಿ ಕಡೆಯವರು ಪಾಯಿಂಟರನ್ನು (ಆ ವಿಳಾಸವನ್ನು) ಇಟ್ಟುಕೊಂಡು ಆಮೇಲೆ ಬರೆದರೆ, ಅಷ್ಟರಲ್ಲಿ ಬೇಡದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಅರೇಯನ್ನು ಬೇರೆಡೆಗೆ ಸರಿಸಿರಬಹುದು. ಅಂಥ ಕಡೆ ಸಿ ಶಾರ್ಪ್‌ನ ಜಿಸಿಹ್ಯಾಂಡಲ್ ಎಂಬ ಸೌಲಭ್ಯದಿಂದ ಪಿನ್ ಮಾಡಿ (ಅಲುಗದಂತೆ ಹಿಡಿದಿಟ್ಟು), ಕೆಲಸ ಮುಗಿದ ಮೇಲೆ ಮರೆಯದೆ ಬಿಡಿಸಬೇಕು. ಉದ್ದವೂ ತಾನಾಗಿ ದಾಟುವುದಿಲ್ಲ, ಬೇರೆ ಪ್ಯಾರಾಮೀಟರ್ ಆಗಿ ಕೊಡಬೇಕು. 100 ಜಾಗದ ಅರೇಗೆ ಸಿ 101ನೆಯದನ್ನು ಬರೆದರೆ ಪ್ರೋಗ್ರಾಂ ಸಾಮಾನ್ಯವಾಗಿ ಆಗಲೇ ಬೀಳುವುದಿಲ್ಲ. ಪಕ್ಕದ ಮೆಮೊರಿ ಕೆಟ್ಟು, ಎಷ್ಟೋ ಹೊತ್ತಿನ ಮೇಲೆ ಸಂಬಂಧವಿಲ್ಲದ ಸಾಲಿನಲ್ಲಿ ಬೀಳಬಹುದು. ಎರರ್ ಹಿಡಿಯಲೆಂದು ಬರೆಯುವ ಟ್ರೈ–ಕ್ಯಾಚ್ ಅದನ್ನು ಹಿಡಿಯುತ್ತದೆಂದು ನಂಬುವಂತಿಲ್ಲ.

ಇದಕ್ಕೆ ಹೊಸ ವಿಷಯವೇನೂ ಬೇಕಿಲ್ಲ. ಎರಡು ಗಂಟೆಯ ಒಂದು ಲ್ಯಾಬ್ ಸಾಕು: 10 ಸಂಖ್ಯೆಯ ಅರೇಯನ್ನು ಲಾಂಗ್, ಇಂಟ್, ಬೂಲ್ ಮೂರರಲ್ಲೂ ಕಳಿಸಿ, ಸಿ ಕಡೆ ಒಂದೊಂದು ಬೈಟನ್ನೂ ಹೆಕ್ಸ್‌ನಲ್ಲಿ (16ರ ಆಧಾರದ ಅಂಕಿಗಳಲ್ಲಿ) ಪ್ರಿಂಟ್ ಮಾಡಿಸಿ, ರೆಕಾರ್ಡ್ ಪುಸ್ತಕದಲ್ಲಿ ಬರೆಸಲಿ. ವಿಭಾಗದ ಮುಖ್ಯಸ್ಥರು ಬರುವ ಸೆಮಿಸ್ಟರ್‌ನಿಂದಲೇ ಇದನ್ನು ಸೇರಿಸಬೇಕೆಂದು ಕೋರುತ್ತೇವೆ.

– ಕೆಲವು ಸಾಫ್ಟ್‌ವೇರ್ ಎಂಜಿನಿಯರ್‌ಗಳು, ಮೈಸೂರು