ವಲಸೆ ಹೋದ ಅಜ್ಜಿಯ ಹುಡುಕಾಟ ಮರಣಪತ್ರದಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ವಂಶವೃಕ್ಷ ಬರೆದುಕೊಳ್ಳುವುದು ಹೇಗೆ ಎಂಬ ಲೇಖನವನ್ನು ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಆಸಕ್ತಿಯಿಂದ ಓದಿದೆ. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ವಲಸೆ ಹೋದ ಪೂರ್ವಜರನ್ನು ಹುಡುಕುವವರು ಮೊದಲು ಇಂಗ್ಲೆಂಡಿನ ಜನನ ದಾಖಲೆಯನ್ನು ತೆಗೆಸಬೇಕು ಎಂದೂ, ಅಲ್ಲಿನ ಮದುವೆಯ ಪ್ರಮಾಣಪತ್ರದಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಸಿಗುತ್ತದೆ ಎಂದೂ ಅದರಲ್ಲಿ ಹೇಳಲಾಗಿದೆ. ಹುಡುಕುತ್ತಿರುವುದು ಹೆಣ್ಣನ್ನಾದರೆ ಮೊದಲನೆಯ ಸಲಹೆ ದಾರಿ ತಪ್ಪಿಸುತ್ತದೆ. ಎರಡನೆಯ ಮಾತು ಹಳೆಯ ದಾಖಲೆಗಳ ಮಟ್ಟಿಗೆ ನಿಜವಲ್ಲ. ಅದೇ ದಾರಿಯಲ್ಲಿ ಹೋಗಿ ಎಂಟು ತಿಂಗಳನ್ನೂ ಒಂದಿಷ್ಟು ಹಣವನ್ನೂ ಕಳೆದುಕೊಂಡವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬೆಂಗಳೂರಿನ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಡೆಕ್ಸ್ ಪುಸ್ತಕಗಳ ನಡುವೆಯೇ ಕೆಲಸ ಮಾಡಿ ನಿವೃತ್ತನಾದವನು ನಾನು. ಮಗ ಮೆಲ್ಬರ್ನ್‌ನಲ್ಲಿದ್ದಾನೆ, ಸೊಸೆ ಅಲ್ಲಿಯವಳೇ. ಮೊಮ್ಮಗಳ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದಾಗ ನಮ್ಮ ಕಡೆಯ ಕೊಂಬೆಗಳನ್ನು ನನ್ನ ಮನೆಯವರು ಒಂದೇ ಸಂಜೆಯಲ್ಲಿ ಮನೆದೇವರ ಸಮೇತ ಹೇಳಿ ಮುಗಿಸಿದರು. (ಆ ಗಂಡಸರ ಹೆಂಡಂದಿರ ಹೆಸರು ಕೇಳಿದಾಗ ಮಾತ್ರ ಲೆಕ್ಕ ಮೂರನೆಯ ತಲೆಗೇ ನಿಂತುಹೋಯಿತು, ಅದು ಬೇರೆಯೇ ಪತ್ರದ ವಿಷಯ.) ಸೊಸೆಗೆ ಬೇಕಾಗಿದ್ದವಳು ತನ್ನ ಮುತ್ತಜ್ಜಿಯ ಅಜ್ಜಿ. ಮದುವೆಗೆ ಮುಂಚೆ ಒಬ್ಬಳೇ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದಳು ಎಂಬ ಒಂದು ಮಾತಷ್ಟೇ ಮನೆಯಲ್ಲಿ ಉಳಿದಿತ್ತು. ಹೆಸರೋ, ನಮ್ಮಲ್ಲಿ ಲಕ್ಷ್ಮಿ ಎಂಬಷ್ಟು ಸಾಮಾನ್ಯವಾದದ್ದು. ಗಂಡನ ಮನೆತನದ ಹೆಸರು ಗೊತ್ತಿತ್ತು, ತವರಿನದು ಊಹೆ.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ವಂಶಾವಳಿ ಸಿದ್ಧಪಡಿಸಿಕೊಡುವ ಒಂದು ಸಂಸ್ಥೆಗೆ ಹಣ ಕಟ್ಟಿದೆವು. ವಾರದೊಳಗೆ ಚೆಂದದ ಚೌಕಟ್ಟಿನಲ್ಲಿ ಮರ ಬಂತು. ಅದರಲ್ಲಿ ಈಕೆ 1838ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದಳೆಂದು ನೋಂದಣಿಯ ಪುಟಸಂಖ್ಯೆ ಸಹಿತ ನಮೂದಾಗಿತ್ತು. ಹೆಸರು ಹೊಂದುತ್ತಿತ್ತು, ವಯಸ್ಸೂ ಸರಿಸುಮಾರು ಹೊಂದುತ್ತಿತ್ತು. ಆದರೆ ಅದೇ ಹೆಣ್ಣನ್ನು ಮುಂದಿನ ದಾಖಲೆಗಳಲ್ಲಿ ಹಿಂಬಾಲಿಸಿದಾಗ, ಆಸ್ಟ್ರೇಲಿಯದಲ್ಲಿ ಮಕ್ಕಳನ್ನು ಹೆರುತ್ತಿರಬೇಕಾಗಿದ್ದವಳು 1861ರ ಇಂಗ್ಲೆಂಡಿನ ಜನಗಣತಿಯಲ್ಲಿ ಹುಟ್ಟಿದೂರಿಗೆ ಸಮೀಪದಲ್ಲೇ ಒಬ್ಬ ಬಡಗಿಯ ಹೆಂಡತಿಯಾಗಿ, ಎರಡು ಕೂಸುಗಳೊಂದಿಗೆ ಕಾಣಿಸಿಕೊಂಡಳು. ಹೀಗೆ ಎದುರು ಸಾಕ್ಷ್ಯವನ್ನು ಹುಡುಕಿ ನೋಡುವ ಗೋಜಿಗೆ ಆ ಸಂಸ್ಥೆ ಹೋಗಿರಲಿಲ್ಲ. ಕೇಳಿದರೆ ಉತ್ತರವೂ ಬರಲಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದೇ 1837ರ ಜುಲೈ 1ರಂದು. ಅದಕ್ಕೆ ಮುಂಚೆ ಹುಟ್ಟಿದವರು ಆ ಸೂಚಿಯಲ್ಲಿ ಇರಲು ಸಾಧ್ಯವೇ ಇಲ್ಲ. ಇಲ್ಲದವಳನ್ನು ಅಲ್ಲೇ ಹುಡುಕಿದರೆ ಅದೇ ಹೆಸರಿನ ಇನ್ನೊಬ್ಬಳು ಸಿಗುತ್ತಾಳೆಯೇ ಹೊರತು ‘ಇಲ್ಲ’ ಎಂಬ ಉತ್ತರ ಸಿಗುವುದಿಲ್ಲ.

ಕಚೇರಿಯಲ್ಲಿ ನಿವೇಶನದ ಹಕ್ಕನ್ನು ಪರಿಶೀಲಿಸುವಾಗ ನಾವು ಯಾವತ್ತೂ ಮೂಲಪತ್ರದಿಂದ ಶುರು ಮಾಡುತ್ತಿರಲಿಲ್ಲ. ಈಗಿನ ಮಾಲೀಕನ ಕ್ರಯಪತ್ರ ಹಿಡಿದು, ಅವನಿಗೆ ಮಾರಿದವನು ಯಾರು, ಆ ಮಾರಿದವನಿಗೆ ಎಲ್ಲಿಂದ ಬಂತು ಎಂದು ಒಂದೊಂದೇ ಕೊಂಡಿ ಹಿಡಿದು ಹಿಂದಕ್ಕೆ ಹೋಗುತ್ತಿದ್ದೆವು. ಹೆಣ್ಣಿನ ವಿಷಯದಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ಮದುವೆಯ ದಿನ ಅವಳ ಹೆಸರಿನ ಕೊಂಡಿಯೇ ಕಳಚಿಕೊಳ್ಳುತ್ತದೆ. ಈ ಸರಳ ಸಂಗತಿ ನನಗೆ ಎಂಟು ತಿಂಗಳ ನಂತರ ನೆನಪಾದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದ ಮರಣ ಪ್ರಮಾಣಪತ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕು. 1853ರ ಜುಲೈ 1ರಿಂದ ಅಲ್ಲಿ ಜಾರಿಗೆ ಬಂದ ನೋಂದಣಿಯಲ್ಲಿ, ಸತ್ತವರ ಹೆಸರು ಮತ್ತು ಕಾಯಿಲೆಯ ಜೊತೆಗೆ ತಂದೆಯ ಹೆಸರು ಮತ್ತು ಕಸುಬು, ತಾಯಿಯ ಹೆಸರು ಮತ್ತು ತವರಿನ ಹೆಸರು, ಹುಟ್ಟಿದ ಸ್ಥಳ, ಎಲ್ಲಿ, ಎಷ್ಟನೇ ವಯಸ್ಸಿನಲ್ಲಿ, ಯಾರನ್ನು ಮದುವೆಯಾದದ್ದು, ಹುಟ್ಟಿದ ಕ್ರಮದಲ್ಲಿ ಮಕ್ಕಳ ಹೆಸರು ಮತ್ತು ವಯಸ್ಸು, ಇಷ್ಟಕ್ಕೂ ಅಂಕಣಗಳಿವೆ. ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಅಂಕಣವೆಂದರೆ ಆಸ್ಟ್ರೇಲಿಯದ ವಸಾಹತುಗಳಲ್ಲಿ ಎಷ್ಟು ವರ್ಷ ಇದ್ದರು, ಯಾವುದರಲ್ಲಿ ಇದ್ದರು ಎಂಬುದು. ನಮ್ಮ ಅಜ್ಜಿ (ಈಗ ನಾನೂ ಹಾಗೆಯೇ ಅನ್ನುತ್ತೇನೆ) 1896ರಲ್ಲಿ ಅರವತ್ತನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆ ಅಂಕಣದಲ್ಲಿ ಓರೆ ಅಕ್ಷರದಲ್ಲಿ ‘ವಿಕ್ಟೋರಿಯದಲ್ಲಿ 39 ವರ್ಷ’ ಎಂದು ಬರೆದಿತ್ತು. ಕಳೆದರೆ 1857. ಹುಟ್ಟಿದ್ದು 1836ರ ಸುಮಾರಿಗೆ, ಅಂದರೆ ನೋಂದಣಿ ಶುರುವಾಗುವ ಮುಂಚೆ. ತಾಯಿಯ ತವರಿನ ಹೆಸರೂ ಅಲ್ಲೇ ಇತ್ತು. ಒಂದು ಎಚ್ಚರಿಕೆ ಹೇಳಬೇಕು: ಈ ವಿವರಗಳನ್ನೆಲ್ಲ ಕೊಟ್ಟವರು ಸತ್ತವರಲ್ಲ, ದುಃಖದಲ್ಲಿದ್ದ ಮಗನೋ ಅಳಿಯನೋ. ಅಜ್ಜಿಯ ತವರಿನ ಹೆಸರನ್ನು ಅಳಿಯ ತಪ್ಪಾಗಿ ಹೇಳಿರುವುದೂ ಉಂಟು. ಆದ್ದರಿಂದ ಇದನ್ನು ಸುಳಿವೆಂದು ಹಿಡಿಯಬೇಕು, ತೀರ್ಪೆಂದಲ್ಲ.

ನಂತರ ಮದುವೆಯ ಪ್ರಮಾಣಪತ್ರ. ಲೇಖಕರು ಎಡವಿರುವುದು ಇಲ್ಲೇ. ವಿಕ್ಟೋರಿಯದ ಪತ್ರದಲ್ಲಿ ವಧೂವರರ ತಂದೆ ತಾಯಿ ಇಬ್ಬರ ಹೆಸರೂ ಇರುತ್ತದೆ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮದುವೆ ದಾಖಲೆಯಲ್ಲಿ ತಂದೆಯ ಹೆಸರು ಮತ್ತು ಕಸುಬಿಗೆ ಮಾತ್ರ ಜಾಗವಿತ್ತು. ತಾಯಿಯ ಹೆಸರಿಗೆ ಅಂಕಣ ಸಿಕ್ಕಿದ್ದು 2021ರ ಮೇ 4ರಂದು. ನಮ್ಮ ಅಜ್ಜಿಯ ಮದುವೆಯ ಪತ್ರದಲ್ಲಿ ಸಹಿಯ ಜಾಗದಲ್ಲಿ ಒಂದು ಕತ್ತರಿ ಗುರುತು ಇದೆ, ಪಕ್ಕದಲ್ಲಿ ‘ಅವಳ ಗುರುತು’ ಎಂದು ಪಾದ್ರಿ ಬರೆದಿದ್ದಾರೆ. ಹೆಬ್ಬೆಟ್ಟಿನ ಪತ್ರಗಳನ್ನು ಸಾವಿರಗಟ್ಟಲೆ ನೋಡಿದ ನನಗೆ ಆ ಕತ್ತರಿ ಗುರುತಿನ ಮೇಲೆ ಬಹಳ ಹೊತ್ತು ಕಣ್ಣು ನೆಟ್ಟಿತು.

ಬಂದ ವರ್ಷ ಗೊತ್ತಾದ ಮೇಲೆ ಹಡಗಿನ ಪಟ್ಟಿ ಕಷ್ಟವಾಗಲಿಲ್ಲ. 1851ರಲ್ಲಿ ಚಿನ್ನ ಸಿಕ್ಕ ಮೇಲೆ ಗಂಡಸರು ಮುಗಿಬಿದ್ದು ಹೋಗಿದ್ದ ವಿಕ್ಟೋರಿಯಕ್ಕೆ ಹೆಣ್ಣುಮಕ್ಕಳು ಬೇಕಾಗಿದ್ದರು. ಸರ್ಕಾರವೇ ಪ್ರಯಾಣದ ವೆಚ್ಚ ಭರಿಸಿ ಮನೆಗೆಲಸದ ಅವಿವಾಹಿತ ಹುಡುಗಿಯರನ್ನು ಕರೆಸಿಕೊಳ್ಳುತ್ತಿತ್ತು. ಹಾಯಿಹಡಗಿನಲ್ಲಿ ಮೂರು ನಾಲ್ಕು ತಿಂಗಳ ದಾರಿ. ಒಂಟಿ ಹುಡುಗಿಯರಿಗೆ ಹಡಗಿನ ಹಿಂಭಾಗ, ಒಂಟಿ ಗಂಡಸರಿಗೆ ಮುಂಭಾಗ, ನಡುವೆ ಸಂಸಾರಸ್ಥರು. ಹೀಗೆ ನೆರವು ಪಡೆದು ಬಂದವರ ಪಟ್ಟಿಗಳಲ್ಲಿ ವಯಸ್ಸು, ಧರ್ಮ, ಹುಟ್ಟಿದ ಜಿಲ್ಲೆ, ಓದುಬರಹ ಎಲ್ಲವೂ ಇವೆ. ನಮ್ಮ ಅಜ್ಜಿಯ ಹೆಸರಿನ ಮುಂದೆ 21 ವರ್ಷ, ಸಾಮರ್ಸೆಟ್, ಓದಲು ಮಾತ್ರ ಬರುತ್ತದೆ ಎಂದಿದೆ. ಕತ್ತರಿ ಗುರುತಿಗೂ ಅದಕ್ಕೂ ತಾಳೆಯಾಯಿತು. ಸ್ವಂತ ಖರ್ಚಿನಲ್ಲಿ ಬಂದವರ ಪಟ್ಟಿಗಳು ಇಷ್ಟು ಉದಾರವಲ್ಲ, ಅನೇಕ ಹೆಂಗಸರು ಅಲ್ಲಿ ಬರಿಯ ‘ಮಿಸೆಸ್’ ಆಗಿ ಗಂಡನ ಹೆಸರಿನಡಿ ಅಡಗಿದ್ದಾರೆ. ಸಿಡ್ನಿಗೆ ಬಂದವರ ಕಡೆಯವರಿಗೆ ಇನ್ನೂ ಅದೃಷ್ಟವಿದೆ: ನ್ಯೂ ಸೌತ್ ವೇಲ್ಸ್‌ನ ವಲಸೆ ಮಂಡಳಿಯ ಪಟ್ಟಿಗಳಲ್ಲಿ ತಂದೆ ತಾಯಿಯ ಹೆಸರನ್ನೂ ಬರೆದಿಡುತ್ತಿದ್ದರು.

ಸಿಡ್ನಿಯ ಮಾತು ಬಂದದ್ದರಿಂದ ಒಂದು ವಿಷಯ. ಅಲ್ಲಿ ಇಳಿದ ಹುಡುಗಿಯರು ಬೀದಿಪಾಲಾಗುತ್ತಿದ್ದುದನ್ನು ಕಂಡು 1841ರಲ್ಲಿ ಅವರಿಗಾಗಿ ವಸತಿಗೃಹ ತೆರೆದ ಕ್ಯಾರೊಲಿನ್ ಚಿಶೋಮ್, ಅದಕ್ಕೆ ಮುಂಚೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯ ಪತ್ನಿಯಾಗಿ ನಮ್ಮ ಪಕ್ಕದ ಮದ್ರಾಸಿನಲ್ಲಿದ್ದು, ಸೈನಿಕರ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದ್ದವರು. 1967ರಲ್ಲಿ ಬಂದ ಆಸ್ಟ್ರೇಲಿಯದ ಐದು ಡಾಲರ್ ನೋಟಿನ ಮೇಲೆ ಅವರ ಚಿತ್ರವಿತ್ತು.

ಇಷ್ಟಾದ ಮೇಲಷ್ಟೇ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿನ 1841ರ ಜನಗಣತಿಯಲ್ಲಿ ಹುಟ್ಟಿದ ಊರಿನ ಹೆಸರಿಲ್ಲ, ಅದೇ ಜಿಲ್ಲೆಯವರೋ ಅಲ್ಲವೋ ಎಂಬುದಷ್ಟೇ ಇದೆ. 1851ರದ್ದರಲ್ಲಿ ಊರೂ ಇದೆ. ಆಗ ಹದಿನಾಲ್ಕು ಹದಿನೈದರ ಹುಡುಗಿಯನ್ನು ತಂದೆಯ ಮನೆಯಲ್ಲಿ ಹುಡುಕಿದ್ದು ನಮ್ಮ ಇನ್ನೊಂದು ತಪ್ಪು. ಬಡವರ ಹೆಣ್ಣುಮಕ್ಕಳು ಆ ವಯಸ್ಸಿಗೆ ಇನ್ನೊಬ್ಬರ ಮನೆಯಲ್ಲಿ ಕೆಲಸಕ್ಕಿರುತ್ತಿದ್ದರು. ಇವಳೂ ಪಕ್ಕದ ಹಳ್ಳಿಯ ರೈತನೊಬ್ಬನ ಮನೆಯ ಪಟ್ಟಿಯ ಕೊನೆಯ ಸಾಲಿನಲ್ಲಿ ‘ಆಳು’ ಎಂದು ನಮೂದಾಗಿದ್ದಳು. ಅಲ್ಲಿ ಬರೆದಿದ್ದ ಹುಟ್ಟೂರಿನ ಚರ್ಚಿನ ರಿಜಿಸ್ಟರಿನಲ್ಲಿ 1836ರ ದೀಕ್ಷಾಸ್ನಾನದ ನಮೂದು ಸಿಕ್ಕಿತು, ಆದರೆ ತಾಯಿಯ ಮೊದಲ ಹೆಸರಷ್ಟೇ ಇತ್ತು. ಇವಳೇ ಅವಳು ಎಂದು ಖಚಿತಪಡಿಸಿಕೊಟ್ಟವರು 1837ರ ನಂತರ ಹುಟ್ಟಿದ ಇಬ್ಬರು ತಮ್ಮಂದಿರು. ಇಂಗ್ಲೆಂಡಿನ ನೋಂದಣಿ ಕಚೇರಿಯ ಅಂತರ್ಜಾಲದ ಸೂಚಿಯಲ್ಲಿ ಈಗ ಮೊದಲ ವರ್ಷದಿಂದಲೇ ತಾಯಿಯ ತವರಿನ ಹೆಸರು ಕೊಡುತ್ತಾರೆ. ಆ ಹುಡುಗರ ಹೆಸರಿನ ಮುಂದಿದ್ದದ್ದು ಮೆಲ್ಬರ್ನ್‌ನ ಮರಣಪತ್ರದಲ್ಲಿದ್ದ ಹೆಸರೇ. ಸೊಸೆ ರಾತ್ರಿ ಫೋನ್ ಮಾಡಿ, “ಮಾವ, ತಮ್ಮಂದಿರು ಅಕ್ಕನನ್ನು ಹುಡುಕಿಕೊಟ್ಟರು” ಅಂದಳು.

ಆಸ್ಟ್ರೇಲಿಯದಲ್ಲಿ ಜನಗಣತಿಯ ಹೆಸರುಳ್ಳ ಹಾಳೆಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿಲ್ಲ. ಆ ಕೊರತೆಯನ್ನು ತುಂಬುವುದು ಹಳೆಯ ಪತ್ರಿಕೆಗಳು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣದಲ್ಲಿ ಅವನ್ನು ರಾಜಾಜಿನಗರದ ನನ್ನ ಮನೆಯಲ್ಲೇ ಕೂತು ಕಾಸಿಲ್ಲದೆ ಓದಿದೆ. ಹೆಂಗಸರನ್ನು ಅಲ್ಲಿ ಗಂಡನ ಹೆಸರಿನಿಂದಲೇ ಹುಡುಕಬೇಕು. ನಿಧನವಾರ್ತೆಗಳ ಕೊನೆಯಲ್ಲಿ ‘ತಾಯ್ನಾಡಿನ ಪತ್ರಿಕೆಗಳು ದಯವಿಟ್ಟು ಇದನ್ನು ನಕಲಿಸಿಕೊಳ್ಳಿ’ ಎಂಬ ಸಾಲು ಕಂಡರೆ, ಇಂಗ್ಲೆಂಡಿನಲ್ಲಿ ಇನ್ನೂ ನೆಂಟರಿದ್ದರು ಎಂದು ಅರ್ಥ. 1902ರಲ್ಲಿ ಬಹುಪಾಲು ಹೆಂಗಸರಿಗೆ ಒಕ್ಕೂಟದ ಮತದಾನದ ಹಕ್ಕು ಬಂದ ಮೇಲಿನ ತಲೆಮಾರುಗಳಿಗೆ ಮತದಾರರ ಪಟ್ಟಿ ಇದೆ. ಕಸುಬಿನ ಜಾಗದಲ್ಲಿ ಸಾಲು ಸಾಲಾಗಿ ‘ಮನೆವಾರ್ತೆ’ ಎಂದಿದ್ದರೂ ವಿಳಾಸ ಸಿಗುತ್ತದೆ. ವಂಶವಾಹಿ ಪರೀಕ್ಷೆಯ ಬಗ್ಗೆ ಲೇಖನದಲ್ಲಿ ಉತ್ಸಾಹದಿಂದ ಬರೆದಿದ್ದಾರೆ. ದೂರದ ದಾಯಾದಿಗಳು ಇದ್ದಾರೆಂದು ಅದು ಹೇಳಬಹುದು, ಆದರೆ ಅಜ್ಜಿಯ ಹೆಸರನ್ನು ಹೇಳುವುದು ಕಾಗದವೇ.

ಬೆಂಗಳೂರಿನ ಓದುಗರು ಗಮನಿಸಬೇಕಾದ್ದು ಇನ್ನೊಂದಿದೆ. ‘ಇಂಗ್ಲಿಷ್ ಅಜ್ಜಿ’ ಇಂಗ್ಲೆಂಡಿನ ಯಾವ ದಾಖಲೆಯಲ್ಲೂ ಸಿಗದಿದ್ದರೆ, ಅವಳು ಸೈನಿಕನೊಬ್ಬನ ಮಗಳಾಗಿ ನಮ್ಮ ದಂಡಿನಲ್ಲೇ ಹುಟ್ಟಿರಲೂಬಹುದು. 1809ರಿಂದ ಇಲ್ಲಿ ಬ್ರಿಟಿಷ್ ಪಡೆಗಳಿದ್ದವು. ಬೆಂಗಳೂರಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿಯ ನಕಲುಗಳು ಮದ್ರಾಸ್ ಪ್ರೆಸಿಡೆನ್ಸಿಯ ಲೆಕ್ಕದಲ್ಲಿ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಲೇಖನದ ಮುಂದಿನ ಕಂತಿನಲ್ಲಿ ಮದುವೆ ಪ್ರಮಾಣಪತ್ರದ ಕುರಿತ ತಿದ್ದುಪಡಿಯನ್ನೂ 1837ರ ಗಡಿಯನ್ನೂ ತಪ್ಪದೆ ಸೇರಿಸಬೇಕೆಂದು ಕೋರುತ್ತೇನೆ.

– ನಿವೃತ್ತ ನೋಂದಣಿ ಇಲಾಖೆ ನೌಕರ, ರಾಜಾಜಿನಗರ, ಬೆಂಗಳೂರು